ಧರ್ಮ ಖಾತೆಗೆ ವರ್ಗ

ನನ್ನ ಮನೆಯ ಲೆಕ್ಕದ ವಹಿಗಳಲ್ಲಿ ಕಾಟು ಹೊಡೆದ ಸಾಲು ಒಂದೇ ಒಂದಿದೆ. ಇಪ್ಪತ್ತೆಂಟು ವರ್ಷದ ಇಪ್ಪತ್ತೆಂಟು ವಹಿ. ದಿನಕ್ಕೆ ಐದಾರು ಸಾಲು ಅಂತ ಹಿಡಿದರೂ ಎಷ್ಟು ಸಾವಿರ ಸಾಲಾದವು, ನೀವೇ ಲೆಕ್ಕ ಹಾಕಿಕೊಳ್ಳಿ. ಒಂದು ಕಾಲಕ್ಕೆ ಅಷ್ಟರಲ್ಲಿ ಒಂದೂ ಕಾಟಿಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ. ಈಗ ಆ ಒಂದರ ಬಗ್ಗೆ ಹೇಳಬೇಕಾಗಿದೆ. ಹೇಳಲು ನಾಚಿಕೆ, ಹೇಳದಿದ್ದರೆ ಊಟ ಸೇರುವುದಿಲ್ಲ.

ನಾನು ಬಾಗಲಕೋಟೆಯ ಮಾರ್ಕೆಟ್ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ದಿವಾನಜಿ. ದಿವಾನಜಿ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ; ಸಾಹುಕಾರರ ಲೆಕ್ಕ ಬರೆಯುವವನು, ಅಷ್ಟೆ. ರೈತರು ತಂದ ಗೋವಿನಜೋಳ, ಕಡಲೆ ಲಿಲಾವಾಗಿ, ತೂಕವಾಗಿ, ಹಮಾಲಿ ಕಳೆದು, ಅವರ ಕೈಗೆ ಪಟ್ಟಿ ಹೋಗುವವರೆಗೆ ಎಲ್ಲವೂ ನನ್ನ ಪೆನ್ನಿನ ತುದಿಯಿಂದ ಹಾದು ಹೋಗಬೇಕಿತ್ತು. ಹೋಗಬೇಕಿತ್ತು ಅಂದೆ, ಯಾಕೆಂದರೆ ಈಗ ಅಂಗಡಿಗೆ ಕಂಪ್ಯೂಟರ್ ಬಂದಿದೆ. ಬಿ.ಕಾಂ ಮಾಡಿದ ಹುಡುಗಿಯೊಬ್ಬಳು ಟಕಟಕ ಬಡಿದು ಹತ್ತು ನಿಮಿಷದಲ್ಲಿ ಮುಗಿಸುತ್ತಾಳೆ. ನಾನು ಕನ್ನಡಕ ಏರಿಸಿ, ಅವಳ ಬೆನ್ನ ಹಿಂದೆ ನಿಂತು, ಎಲ್ಲಾದರೂ ತಪ್ಪು ಸಿಕ್ಕೀತೇನೋ ಎಂದು ಹುಡುಕುತ್ತೇನೆ. ಸಿಗುವುದಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತದೆ.

ಹಾಗಾಗಿ ನನ್ನ ಕೈಬರಹಕ್ಕೆ ಉಳಿದದ್ದು ಮನೆಯ ವಹಿಯೊಂದೇ. ಪ್ರತಿ ದೀಪಾವಳಿಗೆ ಹಳೇ ಊರಿನ ಪೇಟೆಯಿಂದ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ವಹಿ ತರುತ್ತೇನೆ. ಪಾಡ್ಯದ ದಿನ ಅದಕ್ಕೆ ವಿಭೂತಿ ಹಚ್ಚಿ, ಮೊದಲ ಪುಟದ ನೆತ್ತಿಯ ಮೇಲೆ ಗುರುಬಸವನ ಹೆಸರು ಬರೆದು, ಹಳೇ ವಹಿಯ ಬಾಕಿಗಳನ್ನೆಲ್ಲ ಹೊಸದಕ್ಕೆ ಇಳಿಸಿಕೊಳ್ಳುತ್ತೇನೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಕಿರಾಣಿಗೊಂದು ಖಾತೆ, ಹಾಲಿಗೊಂದು, ದವಾಖಾನೆಗೊಂದು. ಕೊತ್ತಂಬರಿ ಸಿವುಡು ಐದು ರೂಪಾಯಿಗೆ ತಂದರೆ ಅದೂ ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ, ಕಾಟು ಹೊಡೆಯುವಂತಿಲ್ಲ. ಕೆಳಗೆ ಎದುರು ಸಾಲು ಬರೆದು ಸರಿಪಡಿಸಬೇಕು. ಇದು ನಾನು ಕಲಿತ ಪದ್ಧತಿ.

"ಉಸಿರಾಡಿದ್ದೂ ಬರ್ಕೋರಿ, ಅದೊಂದು ಬಿಟ್ಟೀರಿ" ಎಂದು ಹೆಂಡತಿ ಚಾಷ್ಟಿ ಮಾಡುತ್ತಿರುತ್ತಾಳೆ.

ಈ ಖಾತೆಗಳಲ್ಲಿ ಧರ್ಮ ಖಾತೆ ಅಂತ ಒಂದಿದೆ. ಅದನ್ನು ಅಂಗಡಿಯಿಂದಲೇ ಮನೆಗೆ ತಂದೆ. ಅಂಗಡಿಯಲ್ಲಿ ವ್ಯಾಪಾರವಾದಾಗಲೆಲ್ಲ ಸ್ವಲ್ಪ ದುಡ್ಡು ಧರ್ಮದ ಪೆಟ್ಟಿಗೆಗೆ ಎತ್ತಿಡುತ್ತಾರೆ. ಯಾರ್ಡಿನ ಕುಡಿಯುವ ನೀರು, ಮಠದ ದಾಸೋಹ, ದನಗಳಿಗೆ ಮೇವು ಇವೆಲ್ಲ ಅದರಿಂದಲೇ. ಚಿಲ್ಲರೆಗೆ ಎಷ್ಟೇ ತಾಪತ್ರಯವಾಗಲಿ, ನಮ್ಮ ಸಾಹುಕಾರರು ಆ ಪೆಟ್ಟಿಗೆಗೆ ಕೈ ಹಾಕಿದ್ದನ್ನು ನಾನು ಕಂಡಿಲ್ಲ. "ಒಮ್ಮೆ ಧರ್ಮಕ್ಕ ಬರದ್ರ ಮುಗೀತು ದಿವಾನಜಿ, ಆ ರೊಕ್ಕ ನಮ್ಮದಲ್ಲ" ಅನ್ನುವರು. ನಾನೂ ಹಾಗೇ ನಡೆದುಕೊಂಡೆ. ಒಮ್ಮೆ ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿಗೆ ಹತ್ತು ರೂಪಾಯಿ ಅಂದುಕೊಂಡು ನೂರರ ನೋಟು ಕೊಟ್ಟುಬಿಟ್ಟಿದ್ದೆ. ಅವಳೇ ಕೂಗಿ ಕರೆದು, "ಯಪ್ಪಾ, ತಪ್ಪಿ ಕೊಟ್ಟಿ ನೋಡು" ಎಂದು ನೋಟು ಚಾಚಿದಳು. ತಗೊಳ್ಳಲಿಲ್ಲ. ವಾರಗಟ್ಟಲೆ ಹೊಟ್ಟೆ ಉರಿಯಿತು, ಆದರೂ ತಗೊಳ್ಳಲಿಲ್ಲ. ಧರ್ಮಕ್ಕೆ ಕೊಟ್ಟದ್ದನ್ನು ಮನೆಗೆ ತರಬಾರದು ಎನ್ನುವುದು ನನ್ನ ಮೈಯಲ್ಲಿ ಇಳಿದುಬಿಟ್ಟಿತ್ತು.

ನನಗೆ ಒಬ್ಬಳೇ ತಂಗಿ, ಆರು ವರ್ಷಕ್ಕೆ ಚಿಕ್ಕವಳು. ಇಳಕಲ್ಲಿಗೆ ಕೊಟ್ಟಿದ್ದೇವೆ. ಅವಳ ಗಂಡ ಕೆಂಪು ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದಲ್ಲಿದ್ದ. ಒಂದು ದಿನ ಕಲ್ಲಿನ ಹಲಗೆ ಜಾರಿ ಕಾಲ ಮೇಲೆ ಬಿತ್ತು. ಕಾಲು ಉಳಿಯಿತು, ಕೆಲಸ ಉಳಿಯಲಿಲ್ಲ. ಕೋಲು ಹಿಡಿದು ಮನೆಯಿಂದ ಓಣಿಯ ತುದಿಯವರೆಗೆ ನಡೆಯುವಂತಾಗಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ತಂಗಿ ನನ್ನ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ. ನಾನಾಗಿಯೇ ಕೊಡಲೂ ಇಲ್ಲ. ಆಸ್ಪತ್ರೆಗೆ ಹೋದಾಗ ಎಳನೀರು, ಮೋಸಂಬಿ ಒಯ್ದೆ, ಅಷ್ಟೆ. ಅದನ್ನು ವಹಿಯಲ್ಲಿ ಬರೆದೂ ಇದ್ದೇನೆ.

ಆಮೇಲೆ ಒಂದು ದಿನ ಬಂದಳು. ಚಹಾ ಕುಡಿದು ಬಸಿಯನ್ನು ನೆಲದ ಮೇಲಿಟ್ಟು, ನೇರ ವಿಷಯಕ್ಕೇ ಬಂದಳು.

"ಅಣ್ಣಾ, ನಲವತ್ತು ಸಾವಿರ ಕೈಗಡ ಕೊಡು. ಖಡಕ್ ರೊಟ್ಟಿ ಮಾಡಿ ಮಾರಬೇಕಂತ ಮಾಡೇನಿ."

"ಇಳಕಲ್ಲಾಗ ನಿನ್ನ ರೊಟ್ಟಿ ಯಾರ ಕೊಂಡು ತಿಂತಾರ? ಮನಿಮನಿಗೂ ಬಡಿತಾರ" ಅಂದೆ.

"ಮೊದಲ ಬಡಿತಿದ್ರು. ನಿನ್ನ ಮನ್ಯಾಗ ವೈನಿ ರೊಟ್ಟಿ ಬಡದು ಎಷ್ಟ ದಿನ ಆತು, ಹೇಳು ನೋಡೋಣ."

ಒಳಗಿನಿಂದ ನನ್ನ ಹೆಂಡತಿ ನಕ್ಕಳು. ನಮ್ಮ ಮನೆಯಲ್ಲೂ ಎರಡು ವರ್ಷದಿಂದ ಪಾಕೀಟಿನ ರೊಟ್ಟಿಯೇ.

ಕೈಗಡ ಅಂದರೆ ನಮ್ಮಲ್ಲಿ ಬಡ್ಡಿಯಿಲ್ಲದ, ಕಾಗದವಿಲ್ಲದ ಸಾಲ. ನಂಬಿಕೆಯ ಮೇಲೆ ಕೊಟ್ಟು ಕೈಯಾಡುವಾಗ ತೀರಿಸುವಂಥದು. ಬ್ಯಾಂಕಿನಿಂದ ದುಡ್ಡು ತೆಗೆದು ತಂದು ಅವಳ ಕೈಗಿಟ್ಟೆ. ಅವಳು ಎದ್ದು ಹೊರಡಲಿಲ್ಲ.

"ಬರ್ಕೊ" ಅಂದಳು.

"ಬರ್ಕೋತೇನಿ ಬಿಡವಾ, ಸಂಜಿಕೆ."

"ಈಗ ಬರ್ಕೊ. ನಾ ನೋಡಬೇಕು."

ವಹಿ ತೆಗೆದು ಅವಳಿಗೊಂದು ಪುಟ ಹಾಕಿಕೊಟ್ಟೆ. 'ತಂಗಿ, ಇಳಕಲ್. ಕೈಗಡ. ೪೦,೦೦೦.' ಏಳನೆಯ ಇಯತ್ತೆ ಓದಿದವಳು, ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ಓದಿ ಮುಗಿಸಿ ದುಡ್ಡನ್ನು ಚೀಲದ ತಳಕ್ಕೆ ಹಾಕಿಕೊಂಡಳು. ಆ ಪುಟ ತನ್ನದು ಎನ್ನುವಂತೆ ನೋಡಿದ್ದಳು. ಅದು ನನಗೆ ಆಗ ತಿಳಿಯಲಿಲ್ಲ. ಇವಳದೊಂದು ಹಟ ಅಂದುಕೊಂಡೆ.

ಮೊದಲ ವರ್ಷ ಅವಳಿಗೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗಿ ಬೂಸಲು ಹಿಡಿದವು. ಹುನಗುಂದದ ಖಾನಾವಳಿಯವನೊಬ್ಬ ನಾಲ್ಕು ತಿಂಗಳು ರೊಟ್ಟಿ ತರಿಸಿಕೊಂಡು ಅಂಗಡಿಗೆ ಬೀಗ ಹಾಕಿ ಹೋದ. ಎರಡನೆಯ ವರ್ಷ ಗಂಡನ ಕಾಲಿಗೆ ಮತ್ತೊಂದು ಆಪರೇಶನ್ ಆಯಿತು. ಪ್ರತಿ ನಾಗರಪಂಚಮಿಗೆ ತವರಿಗೆ ಬಂದಾಗ ಉಂಡಿ ತಿನ್ನುತ್ತ, ಕೇಳುವ ಮೊದಲೇ, "ಮುಂದಿನ ವರ್ಷ ನಿನ್ನ ರೊಕ್ಕ ಕೊಡ್ತೇನಿ ಅಣ್ಣಾ" ಅನ್ನುವಳು. ನಾನು "ಇರಲಿ ಬಿಡು" ಅನ್ನುತ್ತಿದ್ದೆ. ದೊಡ್ಡ ಮನಸ್ಸಿನಿಂದ ಅನ್ನುತ್ತಿದ್ದೇನೆ ಎಂದು ನಾನೇ ತಿಳಿದುಕೊಂಡಿದ್ದೆ.

ಮೂರನೆಯ ದೀಪಾವಳಿ ಬಂತು. ಬಾಕಿಗಳನ್ನು ಹೊಸ ವಹಿಗೆ ಇಳಿಸಲು ಕೂತೆ. ಒಂದೊಂದೇ ಖಾತೆ ಮುಗಿಸುತ್ತ ಅವಳ ಪುಟಕ್ಕೆ ಬಂದೆ. ನಲವತ್ತು ಸಾವಿರ, ಮೂರು ವರ್ಷದಿಂದ ಒಂದು ಪೈಸೆ ಅಲುಗಿಲ್ಲ. ಬರಲಾರದ ಬಾಕಿಯನ್ನು ಆಸ್ತಿ ಎಂದು ಮುಂದಕ್ಕೆ ಎಳೆದುಕೊಂಡು ಹೋದರೆ ವಹಿ ಸುಳ್ಳು ಹೇಳಿದಂತಾಗುತ್ತದೆ. ಅಂಗಡಿಯಲ್ಲಾದರೆ ಇಂಥದನ್ನು ಮುಳುಗಡೆ ಅಂತ ಬರೆಯುತ್ತೇವೆ. ತಂಗಿಯನ್ನು ಮುಳುಗಡೆ ಅಂತ ಹೇಗೆ ಬರೆಯುವುದು? ಸ್ವಲ್ಪ ಹೊತ್ತು ಪೆನ್ನು ಹಿಡಿದು ಯೋಚಿಸಿದೆ. ಆಮೇಲೆ ಅವಳ ಪುಟದ ಕೆಳಗೆ ಬರೆದೆ: 'ಧರ್ಮ ಖಾತೆಗೆ ವರ್ಗ. ಬಾಕಿ ಇಲ್ಲ.' ಧರ್ಮ ಖಾತೆಯ ಪುಟ ತೆಗೆದು ಅಲ್ಲಿಯೂ ಒಂದು ಸಾಲು ಸೇರಿಸಿದೆ. ಲೆಕ್ಕ ಕೂಡಿತು. ಎದ್ದು ಮುಖ ತೊಳೆದು ಪೂಜೆಗೆ ಕೂತೆ.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಸಾವಿರ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ತಂಗಿಯ ತಲೆಯ ಮೇಲಿನ ಭಾರ ಇಳಿಸಿದೆ ಅನ್ನುವುದು ಮೊದಲ ಉತ್ತರ; ಅದರಲ್ಲಿ ಎಳ್ಳಷ್ಟು ಖರೆ ಇದ್ದೀತು. ಭಾರ ಇಳಿಸುವುದೇ ಆಗಿದ್ದರೆ ಅವಳಿಗೊಂದು ಮಾತು ಹೇಳಬೇಕಿತ್ತಲ್ಲ. ಹೇಳಲಿಲ್ಲ. ಅದರ ಕೆಳಗಿನ ಉತ್ತರ ಇಷ್ಟು: ಇವಳ ಕೈಲಿ ಇದು ಆಗುವುದಿಲ್ಲ, ಈ ರೊಟ್ಟಿ ನಡೆಯುವುದಿಲ್ಲ, ಈ ದುಡ್ಡು ಹೋಯಿತು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಹುನಗುಂದದ ಖಾನಾವಳಿಯವನ ಹತ್ತಿರ ಹೋಗಿ ವಸೂಲಿಗೆ ನಿಂತವಳು ಅವಳು, ಬೆಳಗಿನ ಐದಕ್ಕೆ ಹಂಚಿನ ಮುಂದೆ ಕೂತವಳು ಅವಳು, ಅವಳ ಆಸೆ ಬಿಟ್ಟವನು ನಾನು.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ದೀಪಾವಳಿ ಮುಗಿದ ವಾರದಲ್ಲಿ ಅಂಗಡಿಯಲ್ಲಿ ಚಹಾ ಕುಡಿಯುವಾಗ ಸಾಹುಕಾರರು, ನಾಲ್ಕು ಜನರ ಮುಂದೆ, "ನಮ್ಮ ದಿವಾನಜಿ ಎಂಜಲಗೈಲೆ ಕಾಗಿ ಓಡ್ಸೋ ಮನಶಾ ಅಲ್ಲ" ಎಂದು ನಗೆಯಾಡಿದರು. ನನಗೆ ಮೂಗಿನ ತುದಿಗೇ ಸಿಟ್ಟು. "ಈ ವರ್ಷ ನಲವತ್ತೊಂದು ಸಾವಿರ ಧರ್ಮ ಮಾಡೇನ್ರಿ ನಾ, ವಹಿ ತಂದು ತೋರಸ್ಲೇನು?" ಅಂದುಬಿಟ್ಟೆ. ಎಲ್ಲರೂ ನನ್ನ ಮುಖ ನೋಡಿದರು. ಸಾಹುಕಾರರು ಲೋಟ ಕೆಳಗಿಟ್ಟು ಕೈಮುಗಿದರು. ಯಾರಿಗೆ ಕೊಟ್ಟಿರಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತು ಮನೆಗೆ ಬರುವಾಗ ನನ್ನ ನಡಿಗೆಯೇ ಬೇರೆ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಮಧ್ಯಾಹ್ನ ತಂಗಿ ಬಂದಳು. ಮುಖ ಅರಳಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಕಟ್ಟನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ನನ್ನ ಮುಂದೆ ಕೂತು, ಕರ್ಚೀಫು ಬಿಚ್ಚಿ, ಐನೂರರ ಇಪ್ಪತ್ತು ನೋಟು ತೆಗೆದು ಟೀಪಾಯಿಯ ಮೇಲಿಟ್ಟಳು.

"ಎಣಿಸ್ಕೊ ಅಣ್ಣಾ. ಹತ್ತು ಸಾವಿರ ಐತಿ. ಹಾಸ್ಟೆಲ್ಲಿಂದ ದೊಡ್ಡ ಆರ್ಡರ್ ಸಿಕ್ಕೈತಿ. ನಾಕ ಮಂದಿ ಹೆಣ್ಮಕ್ಕಳ್ನ ಕೆಲಸಕ್ಕ ಇಟ್ಕೊಂಡೇನಿ."

ಆ ಹೊತ್ತಿಗೆ ನಾನು ಆಡಬೇಕಾದ ಮಾತು ಒಂದೇ ಇತ್ತು: ಭೇಷ್ ತಂಗೀ. ಅದರ ಬದಲು ದಿವಾನಜಿಯ ಬಾಯಿ ತೆರೆಯಿತು. ಧರ್ಮಕ್ಕೆ ಬರೆದ ದುಡ್ಡು ನನ್ನ ಟೀಪಾಯಿಯ ಮೇಲೆ ಕೂತಿದೆ ಎನ್ನುವ ಭಯಕ್ಕೆ ಕೈ ಹಿಂದೆಳೆದುಕೊಂಡೆ.

"ಇದನ್ನ ತಗೊಳಾಕ ಬರಂಗಿಲ್ಲವಾ" ಅಂದೆ. "ಅದು ಆಗಲೇ ಧರ್ಮಕ್ಕ ಹೋಗೇತಿ."

"ಯಾವ ಧರ್ಮಕ್ಕ?"

ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

"ನನ್ನ ಪುಟ ತೋರ್ಸು" ಅಂದಳು. ತೋರಿಸದೆ ಏನು ಮಾಡಲಿ? ಹಳೇ ವಹಿ ತೆಗೆದುಕೊಟ್ಟೆ. ಬೆರಳಿಟ್ಟು ಓದಿದಳು. 'ಧರ್ಮ ಖಾತೆಗೆ ವರ್ಗ. ಬಾಕಿ ಇಲ್ಲ.' ಆಮೇಲೆ ಅವಳೇ ಹಾಳೆ ತಿರುವಿ ಧರ್ಮದ ಪುಟ ಹುಡುಕಿದಳು. ಸಾಲಿಯಲ್ಲಿ ಪಾಠ ಓದುವ ಹುಡುಗಿಯ ಹಾಗೆ ದನಿಯೆತ್ತಿ ಒಂದೊಂದೇ ಸಾಲು ಓದತೊಡಗಿದಳು.

"ಮಠದ ಜೋಳಿಗಿ ಭಿಕ್ಷಾ, ನೂರು. ಬಸ್‌ಸ್ಟ್ಯಾಂಡಿನ ಕುರುಡ, ಹತ್ತು. ದನಕ್ಕ ಮೇವು, ಎರಡುನೂರು. ಬಾಗಿಲಿಗೆ ಬಂದ ಮುದುಕಿ, ಇಪ್ಪತ್ತು. ತಂಗಿ, ಇಳಕಲ್, ನಲವತ್ತು ಸಾವಿರ."

ಅಲ್ಲಿಗೆ ನಿಲ್ಲಿಸಿದಳು. ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಕೈಯಲ್ಲಿ ರೊಟ್ಟಿಯ ಕಟ್ಟು ಹಿಡಿದೇ ನಿಂತಿದ್ದಳು. ನಾನು ಏನೇನೋ ಹೇಳಿದೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು, ಲೆಕ್ಕದ ಪದ್ಧತಿ ಹಂಗೈತಿ, ಹೆಸರಿನಾಗೇನೈತಿ ಅಂದೆ. ಹೆಸರಿನ ಹೊರತು ವಹಿಯಲ್ಲಿ ಇನ್ನೇನೂ ಇರುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ವಹಿ ಮುಚ್ಚಿ ನನ್ನ ಕಡೆ ಸರಿಸಿದಳು. ನೋಟುಗಳನ್ನು ಅಲ್ಲೇ ಬಿಟ್ಟು ಎದ್ದು ಸೆರಗು ಸರಿಮಾಡಿಕೊಂಡಳು.

"ನಾ ಕೈಗಡ ಕೇಳಿದ್ದೆ. ಬೇಡಾಕ ಬಂದಿದ್ದಿಲ್ಲ. ಉಳಿದ ರೊಕ್ಕ ತಿಂಗಳಾ ಕಳಿಸ್ತೇನಿ. ಯಾವ ಖಾತಾಕ ಬರ್ಕೋತೀರೋ ಬರ್ಕೋರಿ" ಅಂದಳು. "ಬರ್ತೇನ್ರಿ."

ಊಟಕ್ಕೆ ಏಳು ಎಂದು ನನ್ನ ಹೆಂಡತಿ ಕೈಹಿಡಿದಳು. "ಬಸ್ಸಿಗೆ ಹೊತ್ತಾಗ್ತೈತಿ ವೈನಿ, ಇನ್ನೊಮ್ಮೆ ಉಣ್ತೇನಿ ತಗೊ" ಎಂದು ಬಿಡಿಸಿಕೊಂಡು ಹೋದಳು.

ನಿಜ ಹೇಳಬೇಕೆಂದರೆ ಅವತ್ತು ನನಗೆ ಬಂದದ್ದು ಸಿಟ್ಟು. ನಲವತ್ತು ಸಾವಿರ ಕೊಟ್ಟವನು ನಾನು, ಮೂರು ವರ್ಷ ಕೇಳದೆ ಇದ್ದವನು ನಾನು, ಬೇಡವೆಂದು ಬಿಟ್ಟುಕೊಟ್ಟವನೂ ನಾನು, ನನಗೇ ಮುಖಕ್ಕೆ ಹೊಡೆದಂತೆ ಮಾತಾಡಿ ಹೋದಳು ಎಂದು ಪಡಸಾಲೆಯಲ್ಲಿ ಓಡಾಡುತ್ತ ಬಡಬಡಿಸಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

"ಆಕಿ ನಿಮಗ ರಿ ಹಚ್ಚಿ ಮಾತಾಡಿದ್ಲು" ಅಂದಳು. "ಕೇಳಿದ್ರೋ ಇಲ್ಲೋ?"

ಕೇಳಿತ್ತು. ಬಾಯಿತಪ್ಪಿ ಬಂದಿರಬೇಕು ಅಂದುಕೊಂಡಿದ್ದೆ. ಹುಟ್ಟಿ ಮಾತು ಬಂದಾಗಿನಿಂದ ನನ್ನ ತಂಗಿ ನನಗೆ ನೀ, ಬಾ, ಹೋಗು ಅಂದವಳೇ ಹೊರತು ಒಂದು ದಿನ ರಿ ಅಂದವಳಲ್ಲ. ಚಿಕ್ಕವಳಿದ್ದಾಗ ಓಣಿಯ ಹುಡುಗರು ಅನ್ನುವುದನ್ನು ಕೇಳಿ ನನಗೂ 'ಲೇ ಅಣ್ಣಾ' ಅನ್ನುತ್ತಿದ್ದಳು; ಅವ್ವ ಎಷ್ಟು ಬೆನ್ನಿಗೆ ಗುದ್ದಿದರೂ ಬಿಟ್ಟಿರಲಿಲ್ಲ. ಊರೆಲ್ಲ ನನಗೆ ದಿವಾನಜಿ, ಬರ್ರಿ, ಕೂಡ್ರಿ ಅನ್ನುತ್ತದೆ. ನೀ ಅನ್ನುವವರು ಅವ್ವ ಹೋದ ಮೇಲೆ ಇವಳೊಬ್ಬಳೇ ಉಳಿದಿದ್ದಳು. ಪಡಸಾಲೆಯಲ್ಲಿ ಓಡಾಡುತ್ತಿದ್ದವನು ಅಲ್ಲೇ ಕೂತುಬಿಟ್ಟೆ.

ಮರುದಿನ ಫೋನ್ ಮಾಡಿದೆ. "ಆರಾಮ ಅದೇವ್ರಿ. ನೀವು?" ಅಂದಳು. ಬಾಯಿತಪ್ಪಿ ಬಂದದ್ದಲ್ಲ ಎಂದು ಖಾತ್ರಿಯಾಯಿತು. ಅದರಲ್ಲಿ ಸಿಟ್ಟೂ ಇರಲಿಲ್ಲ, ಚುಚ್ಚುವ ದನಿಯೂ ಇರಲಿಲ್ಲ. ಆಮೇಲೆ ಫೋನನ್ನು ನನ್ನ ಹೆಂಡತಿಗೆ ಕೊಡಲು ಹೇಳಿದಳು. "ವೈನೀ, ನೀ ಒಮ್ಮೆ ಬಂದು ನೋಡಬಾರದ ನಮ್ಮ ಶೆಡ್ಡು" ಎಂದು ಅರ್ಧ ತಾಸು ಮಾತಾಡಿ ನಕ್ಕಳು. ನಾನು ಪಕ್ಕದಲ್ಲೇ ಕೂತು ಆ 'ನೀ'ಗಳನ್ನೆಲ್ಲ ಕೇಳಿಸಿಕೊಂಡೆ.

ಫೆಬ್ರವರಿಯಿಂದ ತಿಂಗಳಿಗೆ ನಾಲ್ಕು ಸಾವಿರ ಮೊಬೈಲಿನಿಂದಲೇ ನನ್ನ ಬ್ಯಾಂಕ್ ಖಾತೆಗೆ ಬೀಳತೊಡಗಿತು. ಟಣ್ ಅನ್ನುವ ಸದ್ದು, ಕೆಳಗೆ 'ಕೈಗಡದ ಕಂತು' ಎಂಬ ಎರಡು ಪದ. ನಾನು ವಹಿ ತೆಗೆದು ತಾರೀಖು ಬರೆಯುವೆ, ಎಡಕ್ಕೆ ಮೊತ್ತ ಬರೆಯುವೆ, ಖಾತೆಯ ಹೆಸರು ಬರೆಯುವಲ್ಲಿ ಕೈ ನಿಲ್ಲುವುದು. ಧರ್ಮ ವಾಪಸ್ ಎಂದು ಬರೆಯಲು ಆಗದು. ಕೈಗಡ ಎಂದು ಬರೆಯೋಣವೆಂದರೆ ಆ ಖಾತೆಯನ್ನು ನಾನೇ ಮುಚ್ಚಿದ್ದೇನೆ. ಜಾಗ ಖಾಲಿ ಬಿಟ್ಟೆ. ದುಡ್ಡು ತೆಗೆದು ತಂದು ಒಂದು ಲಕೋಟೆಯಲ್ಲಿ ಹಾಕಿ, ಮುಟ್ಟದೆ ಕಪಾಟಿನಲ್ಲಿಟ್ಟೆ. ಫೆಬ್ರವರಿ ಖಾಲಿ, ಮಾರ್ಚ್ ಖಾಲಿ, ಏಪ್ರಿಲ್ ಖಾಲಿ. ಒಬ್ಬ ದಿವಾನಜಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

ಪಂಚಮಿಗೆ ಅವಳು ಬರಲಿಲ್ಲ. ಕರೆಯಲು ನಾನೇ ಫೋನ್ ಮಾಡಿದ್ದೆ. "ಆರ್ಡರ್ ಭಾಳ ಅದಾವ್ರಿ, ಹೆಣ್ಮಕ್ಕಳ್ನ ಬಿಟ್ಟು ಬರಾಕ ಆಗಂಗಿಲ್ಲ" ಅಂದಳು. ಖರೆಯೇ ಇದ್ದೀತು. ಆದರೆ ಮದುವೆಯಾದ ವರ್ಷದಿಂದ ಒಂದು ಪಂಚಮಿ ತಪ್ಪಿಸಿದವಳಲ್ಲ. ಬಾಣಂತಿಯಿದ್ದಾಗಲೂ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಹೆಂಡತಿ ಉಂಡಿ ಕಟ್ಟಿ ಡಬ್ಬಿಗೆ ತುಂಬಿದಳು, ಇಳಕಲ್ ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸಿದೆವು. ಉಳಿದ ಉಂಡಿ ನಾವಿಬ್ಬರೇ ತಿಂದೆವು. ನನಗೆ ಒಂದು ಸಾಕಾಯಿತು.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಹಳೇ ವಹಿ ತೆಗೆದು ಮೇಜಿನ ಮೇಲಿಟ್ಟೆ. ಪದ್ಧತಿ ಏನೇ ಹೇಳಲಿ, ಎದುರು ಸಾಲು ಬರೆದು ತಿದ್ದುವ ತಪ್ಪಲ್ಲ ಇದು ಅನ್ನಿಸಿತ್ತು. ಆ ಸಾಲು ಅಲ್ಲಿ ಇರಲೇಬಾರದಿತ್ತು. ಅಡ್ಡಪಟ್ಟಿ ಇಟ್ಟು, ಕೆಂಪು ಪೆನ್ನಿನಿಂದ, ಧರ್ಮ ಖಾತೆಯ ಆ ಸಾಲಿನ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ 'ಇದು ನನ್ನ ತಪ್ಪು' ಎಂದು ಬರೆದು ಸಹಿ ಮಾಡಿದೆ. ಹೊಸ ವಹಿಯಲ್ಲಿ ಅವಳಿಗೆ ಮತ್ತೆ ಪುಟ ಹಾಕಿ ಕೈಗಡ ನಲವತ್ತು ಸಾವಿರ ಬರೆದೆ. ಎದುರಿಗೆ, ಅವಳು ಬಿಟ್ಟುಹೋದ ಹತ್ತು ಸಾವಿರ, ಆಮೇಲೆ ಬಂದ ಕಂತುಗಳನ್ನೆಲ್ಲ ಜಮಾ ಮಾಡಿ, ಖಾಲಿ ಬಿಟ್ಟಿದ್ದ ಜಾಗಗಳನ್ನು ತುಂಬಿದೆ. ಧರ್ಮದ ಮೊತ್ತ ಮತ್ತೆ ಕೂಡಿದೆ. ಆ ವರ್ಷ ನಾನು ಮಾಡಿದ ಧರ್ಮ ಸಾವಿರದ ನೂರಾ ಹತ್ತು ರೂಪಾಯಿ.

ಸೋಮವಾರ ಅಂಗಡಿಗೆ ಹೋದವನೇ ಸಾಹುಕಾರರಿಗೆ ಇದನ್ನೂ ಹೇಳಿದೆ. ನಲವತ್ತೊಂದು ಸಾವಿರದಲ್ಲಿ ನಲವತ್ತು ತಂಗಿಗೆ ಕೊಟ್ಟ ಕೈಗಡ ಎಂದು. ಅವರು "ಆತು ಬಿಡ್ರಿ" ಎಂದು ಪೇಪರ್ ಕೈಗೆತ್ತಿಕೊಂಡರು. ಅವತ್ತಿನಿಂದ ಕಾಗೆಯ ನಗೆಚಾಟಿಕೆ ನಿಂತಿದೆ. ನಗುತ್ತಿದ್ದರೇ ಚೆನ್ನಾಗಿತ್ತು.

ಕೊನೆಯ ಕಂತು ಉಳಿದಿದ್ದ ತಿಂಗಳು, ವಹಿಗಳನ್ನು ಚೀಲಕ್ಕೆ ಹಾಕಿಕೊಂಡು ಇಳಕಲ್ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಇಳಿದು ಅವಳಿಗೆ ಸೇರುವ ಕರದಂಟು ಕಟ್ಟಿಸಿಕೊಂಡೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ.

ಅವಳ ಶೆಡ್ಡು ನೋಡಿದ್ದು ಅದೇ ಮೊದಲು. ಸಾಲಾಗಿ ಐದು ಒಲೆ, ಐದು ಹಂಚು. ಹೆಣ್ಣುಮಕ್ಕಳು ಎರಡೂ ಕೈಯಿಂದ ರೊಟ್ಟಿ ಬಡಿಯುವ ಸದ್ದಿನಲ್ಲಿ ಮಾತು ಕೇಳಿಸದು. ಮೂಲೆಯಲ್ಲಿ ಕುರ್ಚಿಯ ಮೇಲೆ ಅವಳ ಗಂಡ ಕೂತು ಇಪ್ಪತ್ತೈದರ ಲೆಕ್ಕದಲ್ಲಿ ಪಾಕೀಟು ಕಟ್ಟುತ್ತಿದ್ದ. ತಂಗಿ ಟೆಂಪೋದವನಿಗೆ ಯಾವ ಡಬ್ಬ ಎಲ್ಲಿಗೆ ಎಂದು ಹೇಳುತ್ತಿದ್ದವಳು ನನ್ನನ್ನು ಕಂಡು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು.

"ಬರ್ರಿ ಅಣ್ಣಾ. ಕೂಡ್ರಿ. ನೀರು ಕುಡೀರಿ."

ಕಲಿತ ಪಾಠವೆಲ್ಲ ಮರೆತುಹೋಯಿತು. ವಹಿ ತೆಗೆದು, ಕೆಂಪು ಗೆರೆಯ ಪುಟ ಬಿಚ್ಚಿ ಅವಳ ಮುಂದೆ ಹಿಡಿದೆ. ಬೆರಳಿಟ್ಟು ಓದಿದಳು. 'ಇದು ನನ್ನ ತಪ್ಪು' ಎನ್ನುವಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ಬೆರಳಿನ ಹಿಟ್ಟು ಹತ್ತಿತು. ಸೆರಗಿನಿಂದ ಮೆಲ್ಲಗೆ ಒರೆಸಿದಳು. ಹೊಸ ಪುಟವನ್ನೂ ಓದಿದಳು. ಒಂದೊಂದು ಕಂತೂ ಸರಿಯಾಗಿದೆಯೇ ಎಂದು ತುಟಿಯಲ್ಲೇ ಕೂಡಿ ನೋಡಿದಳು.

"ಚೊಲೊ ಆತು" ಅಂದಳು. ಒಳಗೆ ಹೋಗಿ ಉಳಿದ ಎರಡು ಸಾವಿರ ತಂದು ಕೊಟ್ಟಳು. "ಇದನ್ನೂ ಈಗ ಜಮಾ ಮಾಡ್ರಿ."

ಅವಳೆದುರಿಗೇ ಬರೆದೆ. ಬಾಕಿ ಇಲ್ಲ ಎಂದು ಬರೆದು ಕೆಳಗೆ ಎರಡು ಗೆರೆ ಹಾಕಿದೆ. ಅವಳ ಮುಖದಲ್ಲಿ ಅಷ್ಟು ದೊಡ್ಡ ನಿರಾಳ ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ಹೆಣ್ಣುಮಕ್ಕಳಿಗೆಲ್ಲ ಕೇಳುವಂತೆ "ನಮ್ಮ ಅಣ್ಣ ಬಂದಾನ, ಒಂದೆರಡು ಬಿಸಿ ರೊಟ್ಟಿ ತರ್ರಿ" ಅಂದಳು. ಪುಂಡಿಪಲ್ಲೆ, ಕೆಂಪು ಚಟ್ನಿ, ಬೆಣ್ಣೆ ಹಾಕಿ ತಾನೇ ಮುಂದೆ ಕೂತು ಬಡಿಸಿದಳು. ಹಾಸ್ಟೆಲ್ಲಿನ ಆರ್ಡರಿನ ಕತೆ ಹೇಳಿದಳು, ಗಂಡನ ಕಾಲಿನ ಸುದ್ದಿ ಹೇಳಿದಳು, ಮುಂದಿನ ಪಂಚಮಿಗೆ ತಪ್ಪದೆ ಬರುತ್ತೇನೆ ಅಂದಳು. ಕರದಂಟಿನ ಪೊಟ್ಟಣ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡು ನಕ್ಕಳು. ಎಲ್ಲವೂ ಮೊದಲಿನಂತೆಯೇ ಇತ್ತು. "ಇನ್ನೊಂದು ಹಾಕ್ಕೋರಿ", "ಚಟ್ನಿ ಖಾರ ಆತೇನ್ರಿ" ಅನ್ನುವುದೊಂದನ್ನು ಬಿಟ್ಟು.

ಬಸ್‌ಸ್ಟ್ಯಾಂಡಿಗೆ ಕಳಿಸಲು ಬಂದಳು. ಬಸ್ಸು ಬಂದು ನಿಂತಿತ್ತು. ಇನ್ನು ತಡೆಯಲಾಗಲಿಲ್ಲ.

"ತಂಗೀ" ಅಂದೆ, "ಈಗರ ಆ ರಿ ಬಿಡವಾ. ನನಗ ಕೇಳಾಕ ಆಗವಲ್ದು. ನೀ ಅನ್ನು. ಲೇ ಅಂದ್ರೂ ನಡೀತೈತಿ."

ಅವಳು ನನ್ನ ಮುಖ ನೋಡಿದಳು. ಅಷ್ಟು ಮಂದಿಯ ನಡುವೆ ನನ್ನ ಕಣ್ಣು ತುಂಬಿದ್ದು ಅವಳಿಗೆ ಕಂಡಿರಬೇಕು. ತೋಳು ಹಿಡಿದು, ಬಾಯಿ ತೆರೆದು ಏನೋ ಅನ್ನಲು ಹೋದಳು. ನೀ ಅನ್ನುತ್ತಾಳೆ ಎಂದು ಕಾದೆ. ಮಾತು ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು, ತುಟಿ ಅಲುಗಿತು, ಅಷ್ಟೆ. ಆಮೇಲೆ ಅವಳಿಗೇ ನಾಚಿಕೆಯಾದಂತೆ ತಲೆ ತಗ್ಗಿಸಿ ಸಣ್ಣಗೆ ನಕ್ಕಳು.

"ಸಿಟ್ಟೇನಿಲ್ರಿ ಅಣ್ಣಾ, ದೇವರಾಣಿ ಇಲ್ಲ" ಅಂದಳು. "ರೂಢಿ ಆಗಿಬಿಟ್ಟೈತಿ ನೋಡ್ರಿ."